ಪಕ್ಕದ ಸೀಟಿನ ಬಚಾಟಾ

ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ದಂತವೈದ್ಯರು. ದಿನವಿಡೀ ಬಾಯಿ ತೆರೆದು ಮಲಗಿದವರ ಜೊತೆಗೇ ಮಾತಾಡಿ ಅಭ್ಯಾಸವಾಗಿ, ಎದುರಿನವರು ಉತ್ತರ ಕೊಡಬಹುದು ಎನ್ನುವುದೇ ಅವರಿಗೆ ಮರೆತುಹೋಗಿದೆ. ಇಪ್ಪತ್ತೆರಡು ವರ್ಷದಿಂದ ನಾನೂ ಅವರ ಮುಂದೆ ಬಾಯಿ ತೆರೆದುಕೊಂಡು ಕೂತವನೇ. ಅವರ ಸೋಫಾದ ಬಗ್ಗೆ ಕೇಳಿದ್ದೇನೆ, ಅವರು ಹೋಗಿಬಂದ ಸಮುದ್ರದ ಬಗ್ಗೆ ಕೇಳಿದ್ದೇನೆ, ಅವರ ಸೋಫಾವನ್ನು ಆ ಸಮುದ್ರದ ದಂಡೆಯ ಹೋಟೆಲಿನ ಸೋಫಾಗೆ ಹೋಲಿಸಿದ್ದನ್ನೂ ಕೇಳಿದ್ದೇನೆ. ಆದರೆ ಆ ಸಂಜೆ ಅತ್ತೆಯ ಮನೆಯಲ್ಲಿ ಟೀ ಕುಡಿಯುತ್ತಾ ಅವರು ಮೊಬೈಲ್ ತೆಗೆದು, ತಾವೂ ತಮ್ಮ ಹೆಂಡತಿಯೂ ತಬ್ಬಿಕೊಂಡು ಓಲಾಡುವ ವಿಡಿಯೋ ತೋರಿಸಿ, ಇದಕ್ಕೆ ಬಚಾಟಾ ಅನ್ನುತ್ತಾರೆ, ಜೋಡಿ ಕುಣಿತ, ನಿಮಗೆಲ್ಲ ಗೊತ್ತಿರಲಿಕ್ಕಿಲ್ಲ ಎಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ.

"ಯಾವ ಶೈಲಿ?" ಎಂದೆ.

ಷಡ್ಡಕರು ಕಣ್ಣು ಪಿಳಿಪಿಳಿ ಬಿಟ್ಟರು. ನಾನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಡೊಮಿನಿಕನ್ನಾ, ಮಾಡರ್ನಾ, ಸೆನ್ಶುಯಲ್ಲಾ, ಫ್ಯೂಷನ್ನಾ? ನಾಲ್ಕೂ ಬೇರೆ ಬೇರೆ ಅಲ್ವಾ, ಅದಕ್ಕೇ ಕೇಳಿದೆ."

ಈ ಪಾಂಡಿತ್ಯ ಎಲ್ಲಿಂದ ಬಂತು ಎನ್ನುವುದನ್ನು ಹೇಳಿಬಿಡುತ್ತೇನೆ. ನಾನು ಕಾರು ಕಲಿಸುವ ಮೇಷ್ಟ್ರು. ನಮ್ಮ ಡ್ರೈವಿಂಗ್ ಶಾಲೆಯ ಮಹಡಿಯ ಮೇಲೆ ಒಂದು ನೃತ್ಯಶಾಲೆ ಇದೆ. ತಡವಾಗಿ ಬರುವ ಶಿಷ್ಯರನ್ನು ಕಾಯುತ್ತಾ ಅದರ ಬೋರ್ಡನ್ನು ಎರಡು ವರ್ಷದಿಂದ ದಿನಕ್ಕೆ ಹತ್ತು ಸಲ ಓದಿದ್ದೇನೆ. ಅದರಲ್ಲಿದ್ದದ್ದು ಆ ನಾಲ್ಕು ಹೆಸರು ಮತ್ತು ಒಂದು ಫೋನ್ ನಂಬರು. ಷಡ್ಡಕರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಫೋನ್ ನಂಬರನ್ನೂ ಹೇಳುತ್ತಿದ್ದೆ.

ಅವರು ಕೇಳಲಿಲ್ಲ. "ಸೆನ್ಶುಯಲ್ ಇರಬೇಕು" ಎಂದು ಸಣ್ಣ ದನಿಯಲ್ಲಿ ಅಂದರು. ಅವರ ಹೆಂಡತಿ ತನ್ನ ತಂಗಿಯ ಕಡೆ ತಿರುಗಿ, ನಿನ್ನ ಗಂಡನಿಗೆ ಕುಣಿಯೋಕೆ ಬರುತ್ತೇನೇ ಎಂದು ವಿಚಾರಿಸಿದಳು. ನನ್ನವಳು ನನ್ನನ್ನು ನೋಡಿದಳು. ಮದುವೆಯಾದ ಹೊಸದರಲ್ಲಿ ಕೂಡ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಸ್ವಲ್ಪ ಬರುತ್ತದೆ ಎಂದೆ. ಅತ್ತೆ ಲೋಟ ಕೆಳಗಿಟ್ಟು ಅಲ್ಲೇ ತೀರ್ಮಾನ ಕೊಟ್ಟರು. ಇನ್ನು ಆರು ವಾರಕ್ಕೆ ತಮ್ಮ ಮದುವೆಯಾಗಿ ಐವತ್ತು ವರ್ಷ. ಸಭಾಂಗಣದಲ್ಲಿ ಮಧ್ಯಾಹ್ನದ ಊಟ. ಯಾರೂ ಉಡುಗೊರೆ ತರುವುದು ಬೇಡ, ಇಬ್ಬರು ಅಳಿಯಂದಿರೂ ತಂತಮ್ಮ ಹೆಂಡತಿಯರ ಜೊತೆ ಕುಣಿದರೆ ಸಾಕು.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನವಳು ಹಳೆಯ ಲೆಕ್ಕ ತೆಗೆದಳು. ಚಿಕ್ಕಂದಿನಿಂದ ಮಾರ್ಕ್ಸು ಅಕ್ಕನಿಗೆ, ಒಳ್ಳೆಯ ಕಂಠ ಅಕ್ಕನಿಗೆ, ಡಾಕ್ಟರ್ ಗಂಡ ಅಕ್ಕನಿಗೆ. ಮನೆಯ ಯಾವ ಸಮಾರಂಭದ ಫೋಟೋ ತೆಗೆದು ನೋಡಿದರೂ ಅಕ್ಕ ಮಧ್ಯದಲ್ಲಿ, ಇವಳು ಹಿಂದೆ ತಟ್ಟೆ ಹಿಡಿದುಕೊಂಡು, ಅದೂ ಅರ್ಧ ಮುಖ.

"ಒಂದೇ ಒಂದು ಸಲ ಅಕ್ಕನ ಪಕ್ಕ ತಲೆ ಎತ್ತಿಕೊಂಡು ನಿಲ್ಲಬೇಕು ರೀ ನಾನು," ಎಂದಳು. "ನೀವು ಇಷ್ಟು ವರ್ಷ ಈ ವಿದ್ಯೆ ಯಾಕೆ ಬಚ್ಚಿಟ್ಕೊಂಡಿದ್ರಿ ಅಂತ ಕೇಳಲ್ಲ. ಅದೊಂದು ಮಾಡಿಸಿಬಿಡಿ, ಸಾಕು."

ಮನಸ್ಸಾಕ್ಷಿ ಇರುವ ಯಾವ ಗಂಡಸಾದರೂ ಅಲ್ಲೇ ನಿಜ ಹೇಳಿಬಿಡುತ್ತಿದ್ದ. ನಾನು ನಮ್ಮ ಸ್ಟಾಪಿಗೆ ಇನ್ನೆಷ್ಟು ಸ್ಟಾಪು ಬಾಕಿ ಎಂದು ಎಣಿಸುತ್ತಾ ಕೂತೆ. ನಿಜ ಹೇಳುವುದಕ್ಕೆ ಆರು ವಾರ ಇದೆ, ಅಷ್ಟರಲ್ಲಿ ನಿಜವನ್ನೇ ಬದಲಾಯಿಸಿಬಿಟ್ಟರಾಯಿತು ಅನ್ನಿಸಿತು. ಮರುದಿನವೇ ಅವಳು ಅದೇ ನೃತ್ಯಶಾಲೆಯಲ್ಲಿ ಮಧ್ಯಾಹ್ನದ ಹೆಂಗಸರ ಬ್ಯಾಚಿಗೆ ಸೇರಿಕೊಂಡಳು, ನನ್ನ ಮಟ್ಟಕ್ಕೆ ಬರುವುದಕ್ಕಂತೆ. ನಾನು ಅವಳಿಗೆ ಹೇಳದೆ ಬೆಳಗಿನ ಆರರ ಬ್ಯಾಚಿಗೆ ಸೇರಿದೆ. ಅಭ್ಯಾಸವನ್ನು ಒಟ್ಟಿಗೆ ಮಾಡೋಣ ಎಂದು ಅವಳು ಅಂದಾಗಲೆಲ್ಲ, ನುರಿತವರು ಹಾಗೆ ಮಾಡುವುದಿಲ್ಲ, ಆ ದಿನವೇ ನೇರವಾಗಿ ಕುಣಿಯುತ್ತಾರೆ ಎಂದು ಸಮಜಾಯಿಷಿ ಕೊಟ್ಟೆ. ಅವಳು ನಂಬಿದಳು. ಅವಳು ನಂಬುತ್ತಿದ್ದಳಲ್ಲ, ಅದೇ ನನಗೆ ಸಂಕಟ.

ಮೊದಲ ದಿನ ನೃತ್ಯದ ಟೀಚರು, ಸೀಟಿ ಊದಿದ ಹಾಗೆ ಮಾತಾಡುವ ಕಡ್ಡಿಯಂಥ ಹುಡುಗಿ, ಚಪ್ಪಾಳೆ ತಟ್ಟಿ ಎರಡು ಸಾಲು ಮಾಡಿಸಿದಳು. ಲೀಡ್ ಮಾಡುವವರು ಕಿಟಕಿಯ ಕಡೆ, ಫಾಲೋ ಮಾಡುವವರು ಗೋಡೆಯ ಕಡೆ.

ಈಗ ನೀವೇ ಯೋಚಿಸಿ. ನಮ್ಮ ಕಸುಬಿನಲ್ಲಿ ಸ್ಟೀರಿಂಗ್ ಹಿಡಿಯುವವನು ಯಾರು? ಏನೂ ಬಾರದವನು. ಅವನು ಎತ್ತ ತಿರುಗಿಸಿದರೆ ಕಾರು ಅತ್ತ, ಕಾರಿನ ಜೊತೆ ನಾನೂ ಅತ್ತ. ಪಕ್ಕದ ಸೀಟಿನಲ್ಲಿ, ಕಾಲಡಿಯಲ್ಲಿ ಎರಡನೇ ಬ್ರೇಕು ಇಟ್ಟುಕೊಂಡು, ಹೋದ ಕಡೆ ಹೋಗುತ್ತಾ, ಬೇಕಾದಾಗ ಮಾತ್ರ ಕಾಲು ಒತ್ತುತ್ತಾ ಕೂರುವವನು ಯಾರು? ಗುರು. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತವನು ಹೋಗಿ ಎಳಸುಗಳ ಸಾಲಿನಲ್ಲಿ ನಿಲ್ಲುತ್ತಾನೆಯೇ? ನಾನು ನೆಟ್ಟಗೆ ಗೋಡೆಯ ಕಡೆ ನಡೆದೆ. ಅಲ್ಲಿ ಆರು ಜನ ಹೆಂಗಸರಿದ್ದರು. ಹೆಂಗಸರು ಬೇಗ ಕಲಿಯುತ್ತಾರೆ, ಆಗಲೇ ಮೇಲಿನ ತರಗತಿಗೆ ಬಂದುಬಿಟ್ಟಿದ್ದಾರೆ ಎಂದು ಮೆಚ್ಚಿಕೊಂಡೆ. ಕಿಟಕಿಯ ಕಡೆ ಏಳು ಜನ ಗಂಡಸರು. ಅವರ ನಡುವೆ ನನ್ನದೇ ಶಿಷ್ಯನೊಬ್ಬ ನಿಂತಿದ್ದ, ಫ್ರಿಜ್ ರಿಪೇರಿಯವನು. ತನ್ನ ವ್ಯಾನು ಓಡಿಸಲು ಎರಡು ತಿಂಗಳಿಂದ ನನ್ನ ಹತ್ತಿರ ಒದ್ದಾಡುತ್ತಿದ್ದವನು. ಅವನನ್ನು ಆ ಸಾಲಿನಲ್ಲಿ ನೋಡಿದ ಮೇಲೆ ನನ್ನ ಅನುಮಾನವೆಲ್ಲ ಪರಿಹಾರವಾಯಿತು.

ಟೀಚರು ನನ್ನ ಹತ್ತಿರ ಬಂದು, ಸರ್, ನೀವು ನಿಜವಾಗಿ ಫಾಲೋ ಮಾಡುತ್ತೀರಾ ಎಂದು ಕೇಳಿದಳು.

"ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡ್ತಿರೋದಮ್ಮ," ಎಂದೆ.

ಅವಳಿಗೆ ಖುಷಿಯಾಯಿತು. ಗಂಡಸರು ಹೆಚ್ಚಾಗಿ ಒಬ್ಬ ಸುಮ್ಮನೆ ನಿಲ್ಲಬೇಕಾಗಿತ್ತಂತೆ. ನನ್ನನ್ನು ಫ್ರಿಜ್‌ನವನ ಕೈಗೆ ಒಪ್ಪಿಸಿದಳು. ಅವನು ತಾನು ರಿಪೇರಿ ಮಾಡುವ ಸಾಮಾನಿನಷ್ಟೇ ಎತ್ತರ, ಅಷ್ಟೇ ಅಗಲ, ಕೈ ಕೂಡ ಹಾಗೇ ತಣ್ಣಗೆ. ಅವನು ಬಲಗೈಯನ್ನು ನನ್ನ ಬೆನ್ನಿಗಿಟ್ಟು, "ಸಾರ್, ಇಲ್ಲೂ ನೀವೇನಾ?" ಎಂದ. ಕಾರಿನಲ್ಲಿ ಹೇಗೋ ಹಾಗೆಯೇ, ಹೆದರಬೇಡ, ನಾನಿದ್ದೇನೆ ಎಂದೆ.

ಬಚಾಟಾದ ಮೂಲ ಪಾಠ ಸುಲಭ. ಪಕ್ಕಕ್ಕೆ ಮೂರು ಹೆಜ್ಜೆ, ನಾಲ್ಕನೆಯದಕ್ಕೆ ಕಾಲಿನಿಂದ ಒಂದು ತಟ್ಟು. ಮತ್ತೆ ಈ ಕಡೆಗೆ ಮೂರು, ಒಂದು ತಟ್ಟು. ಕಷ್ಟವೆಲ್ಲ ಶೈಲಿಗಳಲ್ಲಿದೆ. ಡೊಮಿನಿಕನ್ನಿನಲ್ಲಿ ಮೇಲಿನರ್ಧ ಸುಮ್ಮನಿರಬೇಕು, ಕಾಲು ಮಾತ್ರ ಕೆಂಡದ ಮೇಲೆ ಬಿದ್ದ ಹಾಗೆ ಪಟಪಟ ಆಡಬೇಕು. ಮಾಡರ್ನಿನಲ್ಲಿ ಬರೀ ಸುತ್ತುಗಳು. ಫ್ರಿಜ್‌ನವನು ಕೈ ಎತ್ತಿದರೆ ನಾನು ತಿರುಗಬೇಕು, ಅವನು ಇಳಿಸುವ ತನಕ ನಿಲ್ಲುವ ಹಾಗಿಲ್ಲ. ಏಳು ಸುತ್ತು ಸುತ್ತಿಸಿದ ದಿನ ಮೆಟ್ಟಿಲಿಳಿದು ಬಂದು ಕಾರಿನ ಡಿಕ್ಕಿ ತೆಗೆದು ಒಳಗೆ ಕೂರಲು ಹೋಗಿದ್ದೆ. ಸೆನ್ಶುಯಲ್ ಇನ್ನೂ ಘೋರ. ಎದೆಯಿಂದ ಸೊಂಟದವರೆಗೆ ಅಲೆ ಎಬ್ಬಿಸಬೇಕು, ಕತ್ತನ್ನು ಸಡಿಲ ಬಿಟ್ಟು ತಲೆಯನ್ನು ಗುಂಡಗೆ ತಿರುಗಿಸಬೇಕು. ಬೆನ್ನುಮೂಳೆಯ ಒಂದೊಂದೇ ಮಣಿ ಬಿಡಿಸಿ ಸರ್ ಎಂದು ಟೀಚರು ಹೇಳುತ್ತಿದ್ದಳು. ಕಾರಿನ ಸೀಟಿನ ಆಕಾರಕ್ಕೆ ಕಲ್ಲಾಗಿದ್ದ ನನ್ನ ಬೆನ್ನಿನಲ್ಲಿ ಒಂದಕ್ಕಿಂತ ಹೆಚ್ಚು ಮಣಿ ಇದೆಯೆಂದೇ ನನಗೆ ತಿಳಿದಿರಲಿಲ್ಲ. ಫ್ಯೂಷನ್ ಎಂದರೆ ಮೂರೂ ಪೀಡೆಗಳು ಒಟ್ಟಿಗೆ.

ಆದರೂ ನಾಲ್ಕನೇ ವಾರ ಮುಗಿಯುವಾಗ ಟೀಚರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿ, ಈ ಬ್ಯಾಚಿನ ಅತ್ಯುತ್ತಮ ಫಾಲೋವರ್ ಇವರೇ ಎಂದಳು. ಗೋಡೆಯ ಕಡೆಯ ಆರು ಜನ ಹೆಂಗಸರೂ ಮುಖ ಸಿಂಡರಿಸಿದರು. ಈ ಪ್ರಶಸ್ತಿಯನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ಮನೆಯ ಪ್ರಕಾರ ನನಗೆ ಅದು ಹುಟ್ಟಿನಿಂದ ಬರುತ್ತಿತ್ತಲ್ಲ.

ಕೆಲಸ ಕೆಟ್ಟದ್ದು ತಾರಸಿಯಿಂದ. ಬೆಳಿಗ್ಗೆ ಕ್ಲಾಸಿಗೆ ಹೋಗುವ ಮುಂಚೆ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು ಎದೆಯ ಅಲೆ, ತಲೆಯ ಸುತ್ತು ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಮೂರು ದಿನ ನೋಡಿದರು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕಲಸಿದವರು. ಅವರಿಗೆ ಆರೋಗ್ಯವಂತರು ಯಾರೂ ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೇ ದಿನ ಒಂದು ಎಣ್ಣೆಯ ಬಾಟಲಿ ಹಿಡಿದು ಬಂದು, ನಾನಿಲ್ಲದಾಗ, ಮೇಷ್ಟ್ರಿಗೆ ಇದು ಯಾವಾಗಿನಿಂದ ಎಂದು ನನ್ನವಳನ್ನು ಮೆತ್ತಗೆ ಕೇಳಿದರು. ಅವಳು ಹೆಮ್ಮೆಯಿಂದ, "ಅವರಿಗೆ ಮೊದಲಿಂದಲೂ ಇದೆ. ಹೊರಗೆ ತೋರಿಸ್ಕೊಳ್ತಾ ಇರ್ಲಿಲ್ಲ ಅಷ್ಟೆ," ಎಂದಿದ್ದಾಳೆ.

ಅಲ್ಲಿಗೆ ಮೇಷ್ಟ್ರಿಗೆ ಫಿಟ್ಸು ಎಂದು ಇಡೀ ಬೀದಿಗೆ ಗೊತ್ತಾಯಿತು. ಅಂಗಡಿಯವನು ನಾನು ಹೋದರೆ ಒಂದು ಸ್ಟೂಲು ಎಳೆದು ಕೊಡತೊಡಗಿದ. ಇಬ್ಬರು ಶಿಷ್ಯರು ಪಾಠ ಬಿಟ್ಟರು. ಕಾಂಪೌಂಡರು ಸಾರ್ವಜನಿಕ ಹಿತದೃಷ್ಟಿಯಿಂದ ಲೈಸೆನ್ಸ್ ಕಚೇರಿಗೆ ಒಂದು ಅರ್ಜಿಯನ್ನೂ ಬರೆದು ಹಾಕಿದರು. ಫಿಟ್ಸು ಇರುವವನ ಕಾಲಡಿಯಲ್ಲಿ ಬ್ರೇಕು ಇರುವುದು ಎಷ್ಟರ ಮಟ್ಟಿಗೆ ಸರಿ ಎನ್ನುವುದು ಅದರ ಸಾರಾಂಶ.

ಈ ಅರ್ಜಿಯ ಸುಳಿವೇ ಇಲ್ಲದೆ ನಾನು ಐದನೇ ವಾರ ಫ್ರಿಜ್‌ನವನನ್ನು ಡ್ರೈವಿಂಗ್ ಪರೀಕ್ಷೆಗೆ ಕರೆದುಕೊಂಡು ಹೋದೆ. ಪರೀಕ್ಷೆಯಲ್ಲಿ ಶಿಷ್ಯ ಓಡಿಸುತ್ತಾನೆ, ನಾನು ಪಕ್ಕದಲ್ಲಿ, ಅಧಿಕಾರಿ ಹಿಂದಿನ ಸೀಟಿನಲ್ಲಿ. ಆವತ್ತು ಅಧಿಕಾರಿಗಳು ರಸ್ತೆ ನೋಡುವುದು ಬಿಟ್ಟು ನನ್ನ ಕತ್ತನ್ನೇ ನೋಡುತ್ತಿದ್ದರು. ಫ್ರಿಜ್‌ನವನು ಚೆನ್ನಾಗಿಯೇ ಓಡಿಸಿದ. ಆದರೆ ಐದು ವಾರ ಅವನು ನಡೆಸಿದ ಹಾಗೆಲ್ಲ ನಡೆದ ನನ್ನ ಕಾಲಿಗೆ ಅವನನ್ನು ಕಂಡರೆ ಲೆಕ್ಕ ಶುರುವಾಗಿಬಿಡುತ್ತಿತ್ತು. ಒಂದು, ಎರಡು, ಮೂರು, ತಟ್ಟು. ಕಾಲಡಿಯಲ್ಲಿ ಬ್ರೇಕು. ಕಾರು ಮೂರು ಮಾರು ಹೋಗಿ ಒಮ್ಮೆ ಜಗ್ಗುವುದು, ಮೂರು ಮಾರು ಹೋಗಿ ಮತ್ತೊಮ್ಮೆ ಜಗ್ಗುವುದು. ಅಧಿಕಾರಿಗಳ ಕನ್ನಡಕ ಎರಡು ಸಲ ಮಡಿಲಿಗೆ ಬಿತ್ತು. ನಿಲ್ಲಿಸಿ ಎಂದವರೇ ಇಳಿದುಹೋಗಿ, ಫ್ರಿಜ್‌ನವನನ್ನು ಫೇಲು ಮಾಡಿ, ನನಗೆ ಒಂದು ವಾರದೊಳಗೆ ವೈದ್ಯಕೀಯ ಪ್ರಮಾಣಪತ್ರ ತರುವಂತೆ ಲಿಖಿತವಾಗಿ ಕೊಟ್ಟರು. ಫ್ರಿಜ್‌ನವನು ನನ್ನನ್ನು ದಿಟ್ಟಿಸಿ, ನಾಳೆ ಬೆಳಿಗ್ಗೆ ಮೇಲೆ ಸಿಗಿ ಸಾರ್, ನಿಮ್ಮನ್ನ ಹದಿನಾಲ್ಕು ಸುತ್ತು ಸುತ್ತಿಸ್ತೀನಿ ಎಂದ. ಸುತ್ತಿಸಿದ.

ಸರ್ಕಾರಿ ವೈದ್ಯರು ನನ್ನನ್ನು ಒಂಟಿ ಕಾಲಲ್ಲಿ ನಿಲ್ಲಿಸಿ, ಬಾಗಿಸಿ, ಕತ್ತು ತಿರುಗಿಸಿ ನೋಡಿ, ಕಾಯಿಲೆ ಏನೂ ಇಲ್ಲ, ಕೀಲುಗಳು ಮಾತ್ರ ವಯಸ್ಸಿಗೆ ಮೀರಿ ಸಡಿಲವಾಗಿವೆ ಎಂದು ಬರೆದುಕೊಟ್ಟರು. ಆದರೆ ಫಿಟ್ಸಿನ ಸುದ್ದಿ ಅಷ್ಟರಲ್ಲಿ ಷಡ್ಡಕರ ಕಿವಿಗೆ ಬಿದ್ದಿತ್ತು. ಅತ್ತೆ ಫೋನ್ ಮಾಡಿ, ಪಾಪ ಚಿಕ್ಕ ಅಳಿಯಂದಿರನ್ನು ಕುಣಿಸುವುದು ಬೇಡ, ದೊಡ್ಡವಳು ಮತ್ತು ಅವಳ ಗಂಡ ಕುಣಿದರೆ ಸಾಕು, ನೀನು ಊಟದ ಕಡೆ ನೋಡಿಕೋ ಎಂದು ನನ್ನವಳಿಗೆ ಹೇಳಿದರು. ಮತ್ತೆ ತಟ್ಟೆ. ನನಗೆ ಒಳಗೊಳಗೇ ಜೀವ ಬಂದ ಹಾಗಾಯಿತು. ಸುಳ್ಳು ತಾನಾಗಿಯೇ ಮುಗಿದುಹೋಗುವ ಇಂಥ ಅವಕಾಶ ಮತ್ತೆ ಬರುತ್ತದೆಯೇ. ಆದರೆ ನನ್ನವಳು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಾಯಿಸಿ, "ಅವರು ಕುಣೀತಾರಮ್ಮ. ಬೇಕಾದ್ರೆ ನಾನೇ ಎತ್ತಿ ಹಿಡ್ಕೊಳ್ತೀನಿ," ಎಂದು ಇಟ್ಟುಬಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ತೆರೆದಿಟ್ಟುಕೊಂಡು ನಿಂತಿದ್ದಳು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಆ ದಿನ ಬಂತು. ಸಭಾಂಗಣದಲ್ಲಿ ಅರವತ್ತು ಜನ ನೆಂಟರು. ಷಡ್ಡಕರ ಜೋಡಿ ಮೊದಲು ಕುಣಿಯಿತು. ಹೊಟ್ಟೆ ಉರಿದರೂ ಹೇಳಬೇಕು, ಚೆನ್ನಾಗಿ ಕುಣಿದರು. ದಂತವೈದ್ಯರು ಬೆರಳಲ್ಲಿ ಹೇಗೆ ಸೂಚಿಸಿದರೆ ಅವರ ಹೆಂಡತಿ ಹಾಗೆ ಬಳುಕಿದಳು. ಚಪ್ಪಾಳೆ ಜೋರಾಗಿ ಬಿತ್ತು. ನಾವು ನಡುವಿಗೆ ಹೋಗುವಾಗ ಚಪ್ಪಾಳೆಗೆ ಬದಲು ಮರುಕದ ಲೊಚಗುಟ್ಟುವ ಸದ್ದು. ಹೆಂಡತಿಯ ಚಿಕ್ಕಪ್ಪ ಒಂದು ಕುರ್ಚಿ ಎತ್ತಿಕೊಂಡು ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಸಿದ್ಧರಾಗಿ ನಿಂತರು.

ನಾನು ಬಲಗೈ ಚಾಚಿದೆ. ಅವಳೂ ಬಲಗೈ ಚಾಚಿದಳು. ಇಬ್ಬರು ಅಧಿಕಾರಿಗಳು ಕೈಕುಲುಕಿದ ಹಾಗಾಯಿತು. ನಾನು ಎಡಗೈಯನ್ನು ಅವಳ ಭುಜದ ಮೇಲಿಟ್ಟೆ, ಅವಳು ನನ್ನ ಭುಜದ ಮೇಲಿಟ್ಟಳು. ಸಂಗೀತ ಶುರುವಾಯಿತು. ಅವಳು ನಡೆಸಲಿ ಎಂದು ನಾನು ಕಾದೆ. ನಾನು ನಡೆಸಲಿ ಎಂದು ಅವಳು ಕಾದಳು. ಎಂಟು ಎಣಿಕೆ ಕಳೆಯಿತು. ಇನ್ನೆಂಟು ಕಳೆಯಿತು. ಆಮೇಲೆ ಇಬ್ಬರಿಗೂ ತಾಳ್ಮೆ ತಪ್ಪಿ ತಂತಮ್ಮ ಬಲಕ್ಕೆ ಹೆಜ್ಜೆ ಇಟ್ಟೆವು. ನನ್ನ ಬಲ ಒಂದು ಕಡೆ, ಅವಳ ಬಲ ಇನ್ನೊಂದು ಕಡೆ. ಕೈ ಹಿಗ್ಗಿ ಭುಜ ಕೀಲು ತಪ್ಪುವುದರಲ್ಲಿತ್ತು.

"ನಡೆಸ್ರೀ," ಎಂದಳು ತುಟಿ ಅಲುಗಿಸದೆ.

"ನೀನು ನಡೆಸ್ಬೇಕು. ಹೊಸಬರು ನಡೆಸೋದು, ಬಲ್ಲವರು ಫಾಲೋ ಮಾಡೋದು."

"ಯಾರ್ರೀ ಹೇಳಿದ್ದು ನಿಮಗೆ? ಗಂಡಸರ ಸಾಲು ಕಿಟಕಿ ಕಡೆ ಅಂತ ಟೀಚರೇ ಹೇಳಿದ್ರು. ನಡೆಸೋರು ಅವರೇ."

ಆರು ವಾರ ನಾನು ಯಾವ ಸಾಲಿನಲ್ಲಿ ನಿಂತಿದ್ದೆ ಎನ್ನುವುದು ಆಗ, ಅರವತ್ತು ಜನರ ಎದುರು, ನನ್ನ ತಲೆಗೆ ಹೊಳೆಯಿತು. ಅವಳ ಅಕ್ಕ ಗಂಡನ ಕಿವಿಯಲ್ಲಿ ಏನೋ ಅಂದು ನಗುತ್ತಿದ್ದದ್ದು ಕಾಣಿಸಿತು. ನನ್ನವಳ ದೃಷ್ಟಿ ಮೆಲ್ಲಗೆ ನೆಲದ ಕಡೆ ಇಳಿಯುತ್ತಿತ್ತು. ಅದನ್ನು ನೋಡಲಾರದೆ ಹೇಳಿಬಿಟ್ಟೆ.

"ನಂಗೆ ಕುಣಿಯೋಕೆ ಬರ್ತಿರ್ಲಿಲ್ಲ ಕಣೇ. ಅವತ್ತು ಬೋರ್ಡಲ್ಲಿ ಓದಿದ್ದು ಹೇಳಿದೆ. ಆಮೇಲೆ ಕದ್ದು ಕಲಿಯೋಕೆ ಹೋದೆ, ಅದೂ ಹೆಂಗಸರ ಕಡೆಯದು ಕಲಿತು ಬಂದಿದ್ದೀನಿ. ತಪ್ಪಾಯ್ತು."

ಅವಳು ಕಣ್ಣು ಮುಚ್ಚಿದಳು. ಪೂರ್ತಿ ಎಂಟು ಎಣಿಕೆ ಮುಚ್ಚಿಯೇ ಇದ್ದಳು. ಆಮೇಲೆ ನನ್ನ ಕೈ ಬಿಡಿಸಿಕೊಂಡು, ತನ್ನ ಎಡಗೈಯಿಂದ ನನ್ನ ಬಲಗೈ ಹಿಡಿದು, ತನ್ನ ಬಲಗೈಯನ್ನು ನನ್ನ ಬೆನ್ನಿಗೆ ಊರಿ ತಳ್ಳಿದಳು.

ಅವಳು ನಡೆಸುವುದನ್ನು ಯಾವ ಕ್ಲಾಸಿನಲ್ಲೂ ಕಲಿತವಳಲ್ಲ. ಆದರೆ ನಮ್ಮ ಮನೆಯ ಕಬ್ಬಿಣದ ಬೀರುವನ್ನು ಒಬ್ಬಳೇ ಈ ಕೋಣೆಯಿಂದ ಆ ಕೋಣೆಗೆ ಸಾಗಿಸಿದವಳು. ನನ್ನನ್ನೂ ಹಾಗೆಯೇ ಸಾಗಿಸಿದಳು. ಮೂಲೆಗೆ ಒಯ್ದಳು, ತಿರುಗಿಸಿದಳು, ವಾಪಸು ತಂದಳು. "ಎಡಕ್ಕೆ," "ಸರೀರಿ," "ಈಗ ತಿರುಗಿ," ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಲೇ ಇದ್ದಳು. ಮೊದಮೊದಲು ನನ್ನ ಕಾಲು ಹಾಳು ಅಭ್ಯಾಸದಿಂದ ಅವಳನ್ನು ತಡೆಯಲು ನೋಡಿತು. ಅವಳು ಆ ಕಾಲನ್ನು ಹಿಮ್ಮಡಿಯಿಂದ ಮೆಟ್ಟಿದಳು. ಅದು ಮತ್ತೆ ತಡೆಯಲಿಲ್ಲ. ಅವಳು ಕೈ ಎತ್ತಿದಾಗ, ಫ್ರಿಜ್‌ನವನ ಕೈಯಲ್ಲಿ ಪಳಗಿದವನು, ನಾಲ್ಕು ಸುತ್ತು ಸುತ್ತಿ ಕರಾರುವಾಕ್ಕಾಗಿ ಅವಳ ಅಂಗೈಗೆ ಬಂದು ನಿಂತೆ. ಅವಳ ಹುಬ್ಬು ಮೇಲಕ್ಕೆ ಹೋಯಿತು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಸುತ್ತಿದೆ. ಕಾಲಿನ ಪಟಪಟ ಇಬ್ಬರಿಗೂ ಒಂದೇ ಪಾಠವಾದ್ದರಿಂದ ಒಂದೇ ಸಲ ಬಂತು. ನೆಂಟರು ಮುಂದಕ್ಕೆ ಬಾಗಿದರು. ಕೊನೆಗೆ ಅವಳಿಗೆ ಹುರುಪು ಏರಿ, ನನ್ನ ತಲೆಯ ಹಿಂದೆ ಕೈಯಿಟ್ಟು ಗುಂಡಗೆ ತಿರುಗಿಸಿದಳು. ನಾನು ಬೆನ್ನಿನ ಮಣಿಗಳನ್ನೆಲ್ಲ ಬಿಡಿಸಿ ಎದೆಯಿಂದ ಸೊಂಟದವರೆಗೆ ಅಲೆ ಎಬ್ಬಿಸಿದೆ.

ಯಾರೋ, ಅಯ್ಯೋ ಬಂತು, ಹಿಡ್ಕೊಳ್ಳಿ ಎಂದರು. ಚಿಕ್ಕಪ್ಪ ಕುರ್ಚಿ ಎತ್ತಿಕೊಂಡು ಧಾವಿಸಿ ಬಂದರು.

"ಕುರ್ಚಿ ಆಚೆ ಇಡಿ ಚಿಕ್ಕಪ್ಪ," ಎಂದಳು ನನ್ನವಳು, ಒಂದು ಹೆಜ್ಜೆಯೂ ತಪ್ಪದೆ. "ಇದು ಕುಣಿತ."

ಸಂಗೀತ ನಿಂತ ಮೇಲೆ ಬಿದ್ದ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅತ್ತೆ ಇಬ್ಬರು ಹೆಣ್ಣುಮಕ್ಕಳನ್ನೂ ಹತ್ತಿರ ಕರೆದು, ದೊಡ್ಡವಳದು ಚೆನ್ನಾಗಿತ್ತು, ಚಿಕ್ಕವಳದು ನನಗೆ ಅರ್ಥವಾಯಿತು ಎಂದರು. ಮಾವ ಅತ್ತೆಯ ಮುಖ ನೋಡಿ, ನನಗೂ ಹಾಗೇ ಎಂದರು. ಷಡ್ಡಕರು ನೇರ ನನ್ನ ಹತ್ತಿರ ಬಂದರು. ಹೆಂಗಸು ನಡೆಸಿ ಗಂಡಸು ಅಲೆ ಎಬ್ಬಿಸುವ ಈ ಶೈಲಿಯ ಹೆಸರೇನು, ನಾಲ್ಕರಲ್ಲಿ ಇದು ಯಾವುದು ಎಂದು ಕೇಳಿದರು. ಒಮ್ಮೆ ನಿಜ ಹೇಳಿದವನಿಗೆ ಧೈರ್ಯ ಬಂದಿರುತ್ತದೆ. ಇವರಿಗೂ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಅದನ್ನ ನಿಮಗಿನ್ನೂ ಕಲಿಸಿರಲ್ಲ ಭಾವ," ಎಂದಳು ನನ್ನವಳು.

ಅಕ್ಕನ ಪಕ್ಕದಲ್ಲಿ ನಿಂತಿದ್ದಳು. ತಲೆ ಎಷ್ಟು ಎತ್ತಿದ್ದಳೆಂದರೆ ಅಕ್ಕ ಎರಡು ಬೆರಳು ಕುಳ್ಳಗೆ ಕಂಡಳು. ಅಕ್ಕ ಸೋತ ದನಿಯಲ್ಲಿ, ಇದನ್ನು ಕಲಿಸುವವರು ಯಾರು ಎಂದು ಕೇಳಿದಳು. ಇವರೇ ಕಲಿಸುತ್ತಾರೆ, ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯ ತಾರಸಿಯಲ್ಲಿ, ಬೇಕಾದವರು ಬರಬಹುದು ಎಂದು ನನ್ನವಳು ಸಭೆಗೆಲ್ಲ ಕೇಳುವ ಹಾಗೆ ಹೇಳಿದಳು. ಊಟ ಮುಗಿಯುವುದರೊಳಗೆ ಹದಿನಾಲ್ಕು ಜನ ಹೆಸರು ಕೊಟ್ಟರು. ಷಡ್ಡಕರು ಮೊದಲನೆಯವರು. ಚಿಕ್ಕಪ್ಪ, ಎಪ್ಪತ್ತೊಂದು ವರ್ಷ, ಎರಡೂ ಮಂಡಿ ಹೋದವರು, ಎರಡನೆಯವರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳನ್ನು ನಾನು ದಬಾಯಿಸಿದೆ. ಇಲ್ಲದ ಶೈಲಿಯನ್ನು ಹದಿನಾಲ್ಕು ಜನಕ್ಕೆ ಎಲ್ಲಿಂದ ತಂದು ಕಲಿಸಲಿ, ಒಂದು ಸುಳ್ಳಿನಿಂದ ಆರು ವಾರ ನಾನು ಪಟ್ಟ ಪಾಡು ಸಾಲದೇ, ಈಗಷ್ಟೇ ನಿಜ ಹೇಳಿ ಹಗುರಾಗಿದ್ದೆನಲ್ಲ ಎಂದೆ. ಅವಳು ಚಪ್ಪಲಿ ಕಳಚಿ, ಉಬ್ಬಿದ ಕಾಲುಗಳನ್ನು ಮುಂದಕ್ಕೆ ಚಾಚಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ನೀವು ಆರು ವಾರ ಸುಳ್ಳು ಹೇಳಿದ್ರಿ," ಎಂದಳು. "ನಂದು ಇವತ್ತು ತಾನೆ ಶುರುವಾಗಿದೆ."